ಮನೆಯಲ್ಲಿ ಯಾವ ಪಿಚ್ಚರ್ ಹಾಕೋಣ?

ನಮ್ಮ ಕಡೆಯ ಮುಸ್ಲಿಂ ಮನೆಗಳಲ್ಲಿ 'ಒಳ್ಳೆಯ ಪಿಚ್ಚರ್' ಎಂಬ ಮಾತಿಗೆ ಒಂದು ನಿಶ್ಚಿತ ಅರ್ಥವಿದೆ. ಅಜ್ಜಿ, ಅಪ್ಪ, ಸೊಸೆ, ಮೊಮ್ಮಗಳು ಒಂದೇ ಕೋಣೆಯಲ್ಲಿ ಕೂತು ನೋಡುವಾಗ, ಯಾರೂ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋಗಬೇಕಾದ ಪ್ರಸಂಗ ಬಾರದಿದ್ದರೆ ಅದು ಒಳ್ಳೆಯ ಪಿಚ್ಚರ್. ಬಂದರೆ ಕೆಟ್ಟದ್ದು. ರಾಮನಗರದ ರೀಲರ್ ಮನೆಯಿರಲಿ, ಚನ್ನಪಟ್ಟಣದ ಬೊಂಬೆ ಮಾಡುವವರ ಮನೆಯಿರಲಿ, ಕನಕಪುರ ಮಾಗಡಿಗಳ ನೆಂಟರ ಮನೆಯಿರಲಿ, ಜರಡಿ ಒಂದೇ.

ಸಿನಿಮಾವೇ ಹರಾಮ್ ಎಂದು ದೂರವಿಟ್ಟ ಮನೆಗಳೂ ಇವೆ. ಅವರ ನಂಬಿಕೆಯನ್ನು ಇಲ್ಲಿ ಚರ್ಚೆಗೆ ಎಳೆಯುವ ಉದ್ದೇಶ ನಮಗಿಲ್ಲ. (ಆ ಮನೆಗಳ ಹುಡುಗರ ಜೇಬಿನಲ್ಲಿ ಮೊಬೈಲ್ ಇದೆ ಎಂಬುದು ಬೇರೆ ಮಾತು.) ನಮ್ಮ ಪ್ರಶ್ನೆ ನೋಡುವ ಮನೆಗಳದ್ದು. ಈ ಜರಡಿಯಲ್ಲಿ ಏನು ನಿಲ್ಲುತ್ತದೆ, ಏನು ಸೋರಿ ಒಳಗೆ ಬರುತ್ತದೆ?

ನಾವು ಚಿಕ್ಕವರಿದ್ದಾಗ, ಎಂದರೆ ಎಂಬತ್ತರ ದಶಕದ ಕೊನೆಯಲ್ಲಿ, ಬಣ್ಣದ ಟಿ.ವಿ.ಯನ್ನೂ ವಿ.ಸಿ.ಪಿ.ಯನ್ನೂ ಒಂದು ರಾತ್ರಿಗೆ ಬಾಡಿಗೆ ತರುತ್ತಿದ್ದರು. ನೂಲಿಗೆ ಒಳ್ಳೆಯ ರೇಟು ಸಿಕ್ಕ ವಾರ, ಅಥವಾ ಮದುವೆ ಮುಗಿದು ನೆಂಟರು ಇನ್ನೂ ಹೊರಟಿರದ ರಾತ್ರಿ. ಬಾಡಿಗೆ ದಂಡವಾಗಬಾರದೆಂದು ಬೆಳಗಿನ ಅಜಾನ್ ತನಕ ನಾಲ್ಕು ಕ್ಯಾಸೆಟ್ ಓಡಬೇಕು. ಆ ನಾಲ್ಕರಲ್ಲಿ ಒಂದು ಹಿರಿಯರ ಪಾಲಿನದು: 'ಮೇರೆ ಮೆಹಬೂಬ್' (1963), 'ಚೌದವೀ ಕಾ ಚಾಂದ್' (1960), ಇಲ್ಲವೇ 'ಮುಘಲ್-ಎ-ಆಜಮ್' (1960). ನವಾಬರು, ಶೇರ್ವಾನಿ, ಮುಷಾಯಿರಾ, ನಕಾಬಿನೊಳಗಿಂದ ಒಂದೇ ಒಂದು ಕ್ಷಣ ಕಾಣುವ ಕಣ್ಣು. ಗೂಡು ಬೇಯಿಸುವ ಬಿಸಿನೀರಿನಲ್ಲಿ ದಿನವಿಡೀ ಕೈ ಅದ್ದಿ, ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿದ ಹೆಂಗಸರು ಆ ಲಖನೌವನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಸೆರಗಿಗೆ ಹತ್ತಿದ ರೇಷ್ಮೆಹುಳದ ವಾಸನೆಗೂ ಆ ಅತ್ತರಿನ ಲೋಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಅದು 'ನಮ್ಮವರ ಪಿಚ್ಚರ್'. ಹಿಂದಿ ಸಿನಿಮಾ ಎರಡು ದಶಕ ಕಾಲ ಮುಸ್ಲಿಮನೆಂದರೆ ನವಾಬನೆಂದೇ ತೋರಿಸಿತು. ನವಾಬನನ್ನು ಎಂದೂ ಕಾಣದ ನಾವು ಅದನ್ನು ಒಪ್ಪಿಕೊಂಡೆವು. ಅದರಲ್ಲಿ ಉರ್ದುವಿನ ಸೊಗಸಿತ್ತು, ಹಾಡುಗಳಿದ್ದವು, ಯಾರೂ ಅಡುಗೆಮನೆಗೆ ಏಳಬೇಕಾಗಿರಲಿಲ್ಲ.

ಹುಡುಗರ ಪಾಲಿನ ಕ್ಯಾಸೆಟ್ ಯಾವುದೆಂದು ಹೇಳಬೇಕಾಗಿಯೇ ಇಲ್ಲ. 'ಶೋಲೆ' ನಮ್ಮ ಊರಿನದು. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರ ತಂಡ ರಾಮದೇವರ ಬೆಟ್ಟದ ಬುಡಕ್ಕೆ ಬಂದು ರಾಮಗಢವೆಂಬ ಹಳ್ಳಿಯನ್ನೇ ಕಟ್ಟಿತು. ಹೆದ್ದಾರಿಯಿಂದ ಒಳಕ್ಕೆ ರಸ್ತೆ ಹಾಕಿತು, ಊರಿನ ಎಷ್ಟೋ ಮಂದಿಗೆ ಕೆಲಸ ಕೊಟ್ಟಿತು. ಆ ಜಾಗಕ್ಕೆ 'ಸಿಪ್ಪಿ ನಗರ' ಎಂಬ ಹೆಸರೂ ಉಳಿಯಿತು. 1975ರ ಆಗಸ್ಟ್ 15ರಂದು ತೆರೆಕಂಡ ಈ ಚಿತ್ರವನ್ನು ನಮ್ಮ ಮನೆಗಳಲ್ಲಿ ಎಷ್ಟು ಸಲ ಹಾಕಿದ್ದಾರೋ ಲೆಕ್ಕವಿಟ್ಟವರಿಲ್ಲ. ಪಿಚ್ಚರ್ ನೋಡುವುದಕ್ಕಿಂತ ಬಂಡೆಗಳನ್ನು ಗುರುತು ಹಿಡಿಯುವುದರಲ್ಲೇ ಹೆಚ್ಚು ಖುಷಿ. ಇದರ ಮಾತುಗಳನ್ನು ಜಾವೇದ್ ಅಖ್ತರ್ ಉರ್ದು ಲಿಪಿಯಲ್ಲಿ ಬರೆದರು, ಆಮೇಲೆ ಅದನ್ನು ನಾಗರಿಗೆ ಇಳಿಸಲಾಯಿತು ಎಂಬುದನ್ನು ಮುಂದೆ ಓದಿದಾಗ, ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತಿದ್ದ ನಮಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಆದರೆ 'ಶೋಲೆ'ಯಲ್ಲಿ ನಮಗೆ ಇಟ್ಟಿರುವ ಜಾಗ ಯಾವುದು? ಎ.ಕೆ. ಹಾನಗಲ್ ಅವರ ಇಮಾಮ್ ಸಾಹೇಬ್ ಒಬ್ಬರು. ಮುದುಕರು, ಕುರುಡರು, ಊರಿಗೆಲ್ಲ ಬೇಕಾದವರು. ಮಗ ಅಹ್ಮದ್ ಜಬಲ್‌ಪುರದ ಬೀಡಿ ಕಾರ್ಖಾನೆಯ ಕೆಲಸಕ್ಕೆ ಹೊರಡುತ್ತಾನೆ, ದಾರಿಯಲ್ಲಿ ಗಬ್ಬರನ ಕೈಗೆ ಸಿಗುತ್ತಾನೆ. ಗಬ್ಬರ್ ಕೈಮೇಲೆ ಹರಿಯುತ್ತಿದ್ದ ಇರುವೆಯನ್ನು ಹೊಸಕುತ್ತಾನೆ, ಅಷ್ಟೇ; ಮುಂದಿನ ದೃಶ್ಯದಲ್ಲಿ ಕುದುರೆಯ ಮೇಲೆ ಹುಡುಗನ ಹೆಣ ಬರುತ್ತದೆ. ಆ ಹೆಣದ ಮುಂದೆ ಊರವರು ಜೈ ಮತ್ತು ವೀರುವನ್ನು ಡಕಾಯಿತನಿಗೆ ಒಪ್ಪಿಸಿಬಿಡೋಣ ಎನ್ನುವಾಗ, ಊರಿಗಾಗಿ ಕೊಡಲು ದೇವರು ತನಗೆ ಇನ್ನೂ ಕೆಲವು ಮಕ್ಕಳನ್ನು ಏಕೆ ಕೊಡಲಿಲ್ಲ ಎಂದು ಇಮಾಮ್ ಸಾಹೇಬ್ ಕೇಳುತ್ತಾರೆ, ಅಜಾನ್ ಕೇಳಿ ನಮಾಜಿಗೆ ನಡೆಯುತ್ತಾರೆ. ಈ ದೃಶ್ಯ ಬಂದಾಗ ನಮ್ಮ ದಾದಿ ಪ್ರತಿಸಲವೂ ಅಳುತ್ತಿದ್ದರು. ನಾವೂ ಅತ್ತಿದ್ದೇವೆ. ಹಾನಗಲ್ ಅವರು ಆ ಪಾತ್ರವನ್ನು ಮಾಡಿರುವ ರೀತಿಗೆ ಅಳದಿರುವುದು ಕಷ್ಟ.

ಇನ್ನೊಬ್ಬ ಸೂರ್ಮಾ ಭೋಪಾಲಿ. ಜಗದೀಪ್ ಅವರ ಬಾಯಲ್ಲಿ ಭೋಪಾಲದ ಆಡುಮಾತು, ಬರೀ ಬಡಾಯಿ, ಬರೀ ನಗು. ಇಡೀ ಚಿತ್ರದಲ್ಲಿ ನಮಗೆ ಇರುವುದು ಈ ಎರಡು ಕುರ್ಚಿ. ಒಂದರಲ್ಲಿ ಮಗನನ್ನು ಕೊಟ್ಟು ಊರಿನ ಮೆಚ್ಚುಗೆ ಗಳಿಸುವ ಮುದುಕ, ಇನ್ನೊಂದರಲ್ಲಿ ನಗಿಸುವವನು. ಅಹ್ಮದನ ತಾಯಿ ಇಲ್ಲ, ಅಕ್ಕತಂಗಿಯರಿಲ್ಲ. ಆ ಬೆಟ್ಟದಿಂದ ಕೆಲವೇ ಮೈಲಿ ದೂರದಲ್ಲಿ ಚರಕಗಳ ಮುಂದೆ ಕೂತ ಮುಸ್ಲಿಂ ಹೆಂಗಸರೂ ಗಂಡಸರೂ ಎಷ್ಟೋ ಮಂದಿ ಇದ್ದರೂ, ಕ್ಯಾಮೆರಾ ಉತ್ತರದ ಒಂದು ಕಲ್ಪನೆಯ ಹಳ್ಳಿಯನ್ನು ಕಟ್ಟಿಕೊಂಡೇ ಹೋಯಿತು. ಅದು ಅವರ ಕಥೆ, ನಮ್ಮ ಊರು ಅವರಿಗೆ ಬರೀ ಬಂಡೆ. ಇದನ್ನು ತಕರಾರೆಂದು ಹೇಳುತ್ತಿಲ್ಲ. ನಮ್ಮನ್ನು ಕಾಡುವುದು ಬೇರೆಯದು. ಐವತ್ತು ವರ್ಷ ಈ ಚಿತ್ರವನ್ನು ಮನೆಯೊಳಗೆ ಇಟ್ಟುಕೊಂಡ ನಾವು, ಆ ಎರಡು ಕುರ್ಚಿಗಳ ಬಗ್ಗೆ ಒಮ್ಮೆಯೂ ನಮ್ಮ ಮಕ್ಕಳ ಹತ್ತಿರ ಮಾತಾಡಲಿಲ್ಲ. 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಹಳೆಯ ಅಂತ್ಯವನ್ನೂ ಸೇರಿಸಿ ಚಿತ್ರವನ್ನು ಹೊಸದಾಗಿ ತೋರಿಸಿದ ಸುದ್ದಿ ಬಂದಾಗಲೂ, ಊರಿನಲ್ಲಿ ನಡೆದ ಚರ್ಚೆ ಠಾಕೂರ್ ಗಬ್ಬರನನ್ನು ಕೊಲ್ಲುತ್ತಾನೋ ಬಿಡುತ್ತಾನೋ ಎಂಬುದೊಂದೇ.

ಇದೇ ಬಂಡೆಗಳ ನಡುವೆ ಇನ್ನೊಂದು ದೊಡ್ಡ ಚಿತ್ರವೂ ತಯಾರಾಯಿತು, ಅದನ್ನು ನಮ್ಮ ಮನೆಗಳಲ್ಲಿ ನೋಡಿದವರು ತೀರಾ ಕಡಿಮೆ. ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' (1984). ಇ.ಎಂ. ಫಾರ್ಸ್ಟರ್ ಅವರ ಕಾದಂಬರಿಯ ಮರಾಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಹೆಗಳು. ಲೀನ್ ಅವರಿಗೆ ಅವು ಸಪ್ಪೆ ಎನಿಸಿ, ಮಾಗಡಿಯ ಸಾವನದುರ್ಗವನ್ನೂ ನಮ್ಮ ರಾಮದೇವರ ಬೆಟ್ಟವನ್ನೂ ಆರಿಸಿಕೊಂಡರು, ಬಂಡೆಯಲ್ಲಿ ಗುಹೆಯ ಬಾಯಿಗಳನ್ನು ಕೆತ್ತಿಸಿದರು. ವಿಕ್ಟರ್ ಬ್ಯಾನರ್ಜಿ ಅಭಿನಯಿಸಿದ ಡಾಕ್ಟರ್ ಅಜೀಜ್ ಹೆಂಡತಿಯನ್ನು ಕಳೆದುಕೊಂಡವನು, ಮಕ್ಕಳ ತಂದೆ. ಕಾವ್ಯದ ಹುಚ್ಚು, ಸ್ವಲ್ಪ ಜಂಬ, ಸ್ವಲ್ಪ ಭಯ, ಸ್ನೇಹಕ್ಕೆ ತವಕ. ಇಂಗ್ಲಿಷ್ ಸ್ನೇಹಿತನಿಗೆ ಕಾಲರಿನ ಗುಂಡಿ ಬೇಕಾದಾಗ ತನ್ನದನ್ನೇ ಕಿತ್ತು ಕೊಡುತ್ತಾನೆ. ಆಮೇಲೆ ಇನ್ನೊಬ್ಬ ಇಂಗ್ಲಿಷಿನವನು, ಈ ಜನಕ್ಕೆ ಬಟ್ಟೆ ಸರಿಯಾಗಿ ಹಾಕಲೂ ಬರುವುದಿಲ್ಲ ಎಂಬಂತೆ ಹಂಗಿಸುತ್ತಾನೆ. ಗುಹೆಯಲ್ಲಿ ನಡೆಯದೇ ಇದ್ದ ಒಂದು ಅಪರಾಧಕ್ಕೆ ಅವನನ್ನು ಹಿಡಿಯುತ್ತಾರೆ. ಆರೋಪ ಬಂದ ಕ್ಷಣದಿಂದಲೇ ಅವನು ತಪ್ಪಿತಸ್ಥ, ಸಾಕ್ಷಿ ಆಮೇಲಿನ ಮಾತು. 'ಶೋಲೆ'ಯ ಇಮಾಮ್ ಸಾಹೇಬರನ್ನು ನಾವು ಗೌರವಿಸುತ್ತೇವೆ, ಅಜೀಜನನ್ನು ಮಾತ್ರ ಪಕ್ಕದ ಮನೆಯವನಂತೆ ಬಲ್ಲೆವು. ಲೀನ್ ಕೊನೆಯಲ್ಲಿ ಕಾದಂಬರಿಯ ಕಹಿಯನ್ನು ಒಂದಿಷ್ಟು ತಿಳಿಯಾಗಿಸಿದ್ದಾರೆ, ಅದು ಚಿತ್ರದ ಸೋಲೆಂದೇ ನಮ್ಮ ಅಭಿಪ್ರಾಯ. ಆದರೂ ಮಾಗಡಿಯ ನೆಂಟರಿಗೆ ಸಾವನದುರ್ಗ ಗೊತ್ತು, ಅಜೀಜ್ ಗೊತ್ತಿಲ್ಲ ಎಂಬುದು ಬೇಸರದ ವಿಷಯ.

ಇಲ್ಲಿ ಭಾಷೆಯದೊಂದು ತೊಡಕಿದೆ. ನಮ್ಮ ಮನೆಗಳಲ್ಲಿ ನಾನಿಗೆ ದಖ್ನಿ ಬಿಟ್ಟು ಬೇರೆ ಬಾರದು. ಅಮ್ಮಿಗೆ ದಖ್ನಿಯೂ ಸಂತೆಯ ಕನ್ನಡವೂ ಬರುತ್ತದೆ. ನಾವು ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ದಾಟಿದವರು, ನಮ್ಮ ಮಕ್ಕಳು ಇಂಗ್ಲಿಷ್ ಮೀಡಿಯಂ. ಎಲ್ಲರಿಗೂ ಅರ್ಥವಾಗುವ ಪಿಚ್ಚರ್ ಎಂದು ಹುಡುಕಿದರೆ ಕೈಗೆ ಸಿಗುವುದು ಹಿಂದಿ. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್ ಇರಲಿಲ್ಲವಾದ್ದರಿಂದ ಹೊರಗಿನ ಚಿತ್ರಗಳು ಕನ್ನಡದ ಬಾಗಿಲಿನಿಂದ ಒಳಗೆ ಬರುವ ಹಾಗಿರಲಿಲ್ಲ. ಇನ್ನು ಕನ್ನಡ ಚಿತ್ರಗಳಲ್ಲಿ ದಖ್ನಿ ಕಿವಿಗೆ ಬಿದ್ದರೆ, ಹೆಚ್ಚಾಗಿ ಗುಜರಿಯವನೋ ಮಟನ್ ಅಂಗಡಿಯವನೋ ಹರಕು ಮುರುಕು ಕನ್ನಡದಲ್ಲಿ ನಗಿಸಲು ಬಂದಿದ್ದಾನೆ ಎಂದೇ ಅರ್ಥ. ಮತ್ತೆ ಸೂರ್ಮಾ ಭೋಪಾಲಿಯ ಕುರ್ಚಿ. ಹೈದರಾಬಾದಿನ 'ದಿ ಅಂಗ್ರೇಜ್' (2005) ಸಿ.ಡಿ.ಯಲ್ಲಿ ಬಂದಾಗ ನಮ್ಮ ಮೊಹಲ್ಲಾಗಳಲ್ಲಿ ಆದ ಸಂಭ್ರಮಕ್ಕೆ ಕಾರಣ ಅದರ ಕಥೆಯಲ್ಲ, ಅಲ್ಲಿ ಹೇಳಿಕೊಳ್ಳುವ ಕಥೆಯೂ ಇಲ್ಲ. ನಮ್ಮ ಮಾತನ್ನು ಆಡುವವರು ಅದರಲ್ಲಿ ಒಬ್ಬರಲ್ಲ, ಊರಿಗೆ ಊರೇ ಇದ್ದರು. ಒಬ್ಬ ಮಾತ್ರ ದಖ್ನಿ ಆಡಿದರೆ ಅವನು ಕೋಡಂಗಿ. ಎಲ್ಲರೂ ಆಡಿದರೆ ಅದೊಂದು ಲೋಕ.

ಜರಡಿಯ ಮಾತಿಗೆ ಬರೋಣ. ಬಿ.ಆರ್. ಚೋಪ್ರಾ ಅವರ 'ನಿಕಾಹ್' (1982) ನಮ್ಮ ಹೆಂಗಸರಿಗೆ ತುಂಬ ಪ್ರಿಯವಾದ ಚಿತ್ರ. ತಲಾಖ್ ಆದ ಹೆಣ್ಣು ಕೊನೆಯಲ್ಲಿ ಇಬ್ಬರು ಗಂಡಸರನ್ನೂ ನಿಲ್ಲಿಸಿ, ತಾನೇನು ಇವರು ಕೈಯಿಂದ ಕೈಗೆ ದಾಟಿಸುವ ವಸ್ತುವೇ ಎಂದು ಕೇಳುತ್ತಾಳೆ. ಇದಕ್ಕೆ ಮನೆಯ ಯಾವ ಗಂಡಸೂ ಅಡ್ಡಿ ಹೇಳಿದ್ದು ನಮಗೆ ನೆನಪಿಲ್ಲ. ಏಕೆಂದರೆ ಸಲ್ಮಾ ಆಗಾ ಅಳುವುದು ದೊಡ್ಡ ಬಂಗಲೆಯಲ್ಲಿ, ಒಳ್ಳೆಯ ಬಟ್ಟೆಯಲ್ಲಿ, ಒಳ್ಳೆಯ ಹಾಡಿನ ನಡುವೆ. ಆ ತಲಾಖ್ ಬೇರೆ ಯಾರದೋ.

'ಹಸೀನಾ' (2004) ವಿಷಯದಲ್ಲಿ ಹೀಗಾಗಲಿಲ್ಲ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ಮಾಡಿದ ಈ ಚಿತ್ರಕ್ಕಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಓಡಿಸುವ ಗಂಡ ಬಿಟ್ಟುಹೋದ ಹೆಂಗಸು, ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳಲು ಕೂರುತ್ತಾಳೆ. ಇದರಲ್ಲಿ ಅಶ್ಲೀಲದ ಸೋಂಕೂ ಇಲ್ಲ. ನಮ್ಮ ಹಿರಿಯರ ಜರಡಿಯಲ್ಲಿ ಸಲೀಸಾಗಿ ಹಾದು ಬರಬೇಕಾದ ಚಿತ್ರ. ಒಮ್ಮೆ ಟಿ.ವಿ.ಯಲ್ಲಿ ಅದು ಬರುತ್ತಿದ್ದಾಗ ಮನೆಯಲ್ಲಿ ನಮ್ಮ ಆಪಾ ಇದ್ದರು. ಎರಡು ಹೆಣ್ಣುಮಕ್ಕಳೊಂದಿಗೆ ತವರಿಗೆ ಬಂದು ಆಗಲೇ ಎರಡನೆಯ ವರ್ಷ. ಹಸೀನಾ ಮಸೀದಿಯ ಮುಂದೆ ಕೂತ ದೃಶ್ಯ ಬರುತ್ತಿದ್ದಂತೆ ಮಾಮೂ, "ಏನಾದ್ರೂ ಒಳ್ಳೇದು ಹಾಕಿ, ಮಕ್ಕಳಿದ್ದಾರೆ" ಎಂದರು. ಯಾರೋ ಚಾನೆಲ್ ಬದಲಿಸಿದರು, ಯಾವುದೋ ಹಾಸ್ಯದ ಪಿಚ್ಚರ್ ಬಂತು. ಆ ರಾತ್ರಿ ಎದ್ದು ಅಡುಗೆಮನೆಗೆ ಹೋದವರು ಆಪಾ. ಮಲಗುವ ಮೊದಲು ನಮ್ಮ ಹತ್ತಿರ ಬಂದು, "ಆ ಹೆಂಗಸಿಗೆ ಕೊನೆಗೆ ನ್ಯಾಯ ಸಿಕ್ತಾ?" ಎಂದು ಕೇಳಿದರು. ಕಥೆಯನ್ನು ಓದಿದ್ದ ನಮಗೆ ಉತ್ತರ ಗೊತ್ತಿತ್ತು. ಗೊತ್ತಿಲ್ಲ ಎಂದು ಸುಳ್ಳು ಹೇಳಿದೆವು.

ಮಾಮೂ ಕೆಟ್ಟವರಲ್ಲ. ಆಪಾಳ ಮಕ್ಕಳ ಶಾಲೆಯ ಫೀಸು ಕಟ್ಟಿದವರು ಅವರೇ. ಆದರೆ 'ಒಳ್ಳೇದು' ಎಂಬ ಮಾತು ಆ ರಾತ್ರಿ ಯಾರನ್ನು ಕಾಪಾಡಿತು ಎಂದು ಯೋಚಿಸಿದರೆ, ಮಕ್ಕಳನ್ನಂತೂ ಅಲ್ಲ. ಮಕ್ಕಳು ಆ ಕಥೆಯೊಳಗೇ ಬದುಕುತ್ತಿದ್ದರು. ನಮ್ಮ ಮನೆಯ ಕೊಳೆಯನ್ನು ಬೀದಿಯಲ್ಲಿ ತೊಳೆದರು ಎಂದು 'ಹಸೀನಾ' ಮೇಲೆ ಸಿಟ್ಟಾದವರನ್ನು ನಾವು ಬಲ್ಲೆವು. ಮುಸ್ಲಿಮರ ಬಗ್ಗೆ ಇಷ್ಟೆಲ್ಲ ಕೆಟ್ಟದ್ದನ್ನು ಹೇಳುವವರು ಇರುವಾಗ ಇದೊಂದು ಯಾಕೆ ಬೇಕಿತ್ತು ಎಂಬುದು ಅವರ ವಾದ. ಅದರ ಹಿಂದಿನ ನೋವು ನಿಜ, ಅದನ್ನು ತಳ್ಳಿಹಾಕಲಾಗದು. ಆದರೆ ಇದು ಹೊರಗಿನಿಂದ ಬಂದ ದೂಷಣೆಯಲ್ಲ. ಮಸೀದಿಯ ಮೆಟ್ಟಿಲಿಗೆ ಹೋಗಿ ಕೂತವಳು ನ್ಯಾಯ ಅಲ್ಲಿಯೇ ಇದೆಯೆಂದು ನಂಬಿ ಹೋದವಳು. ಷರೀಯತ್ತು ತನಗೆ ಕೊಟ್ಟ ಹಕ್ಕನ್ನೇ ಕೇಳುತ್ತಿದ್ದಾಳೆ.

ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಚಿತ್ರದಲ್ಲಿ ಬರುವುದು ಟಿ.ವಿ. ಹೆರಿಗೆ ಮಾಡಿಸಿದ ಋಣಕ್ಕೆ ಶ್ರೀಮಂತರ ಮನೆಯವರು ಸೂಲಗಿತ್ತಿ ಗುಲಾಬಿಗೆ ಡಿಶ್ ಸಮೇತ ಒಂದು ಬಣ್ಣದ ಟಿ.ವಿ. ಕೊಡುತ್ತಾರೆ. ಕುಂದಾಪುರದ ಕಡೆಯ ಮೀನುಗಾರರ ಕೇರಿಯ ಹೆಂಗಸರು ಅವಳ ಗುಡಿಸಲಿಗೆ ಬಂದು ಕೂರುತ್ತಾರೆ. ಕಾಲ 1999, ಕಾರ್ಗಿಲ್ ಯುದ್ಧದ ದಿನಗಳು. ಪಿಚ್ಚರ್ ತರುವ ಅದೇ ಪೆಟ್ಟಿಗೆ ಯುದ್ಧದ ಸುದ್ದಿಯನ್ನೂ ತರುತ್ತದೆ. ಜೊತೆಯಲ್ಲಿ ಕೂತು ನಕ್ಕವರ ಕೇರಿಯಲ್ಲೇ ಗುಲಾಬಿ ನೋಡನೋಡುತ್ತ 'ಅವರವಳು' ಆಗಿಬಿಡುತ್ತಾಳೆ. ಕೊನೆಗೆ ಅವಳನ್ನು ಊರು ಬಿಡಿಸುತ್ತಾರೆ, ಟಿ.ವಿ. ಅಲ್ಲೇ ಉಳಿಯುತ್ತದೆ. ಉಮಾಶ್ರೀಯವರ ಗುಲಾಬಿಯನ್ನು ನೋಡಿದ ಮೇಲೆ, ಮನೆಯೊಳಗೆ ಪಿಚ್ಚರ್ ನೋಡುವುದು ಮನೆಯ ಖಾಸಗಿ ವಿಷಯ ಎಂಬ ನಮ್ಮ ಭ್ರಮೆ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಏನು ನೋಡುತ್ತೇವೆ ಎಂಬಷ್ಟೇ, ಪಕ್ಕದ ಮನೆಯಲ್ಲಿ ನಮ್ಮ ಬಗ್ಗೆ ಏನು ನೋಡುತ್ತಿದ್ದಾರೆ ಎಂಬುದೂ ನಮ್ಮ ಬದುಕಿನ ಪ್ರಶ್ನೆ.

ಸರ್ಟಿಫಿಕೇಟು ನೋಡಿ ಆರಿಸಬಹುದಲ್ಲ ಎನ್ನುವವರಿದ್ದಾರೆ. ಮೊಬೈಲ್ ಪಿಚ್ಚರುಗಳಿಗೂ 2021ರಿಂದ ಏಳು, ಹದಿಮೂರು, ಹದಿನಾರು ವರ್ಷ ಎಂಬ ವಯಸ್ಸಿನ ಗುರುತು ಬಂದಿದೆ. ಮುತ್ತು, ರಕ್ತ, ಬೈಗುಳ, ನಶೆ ಇಂಥವನ್ನು ಎಣಿಸುವುದಕ್ಕೆ ಅದು ಸಾಕು. ಎಂದರೆ ಮಾಮೂ ಅವರ ಜರಡಿಯನ್ನೇ ಸರ್ಕಾರ ಅಚ್ಚು ಹಾಕಿಸಿ ಕೊಟ್ಟಂತೆ. ಪ್ರಶಸ್ತಿಯನ್ನೂ ನೆಚ್ಚುವ ಹಾಗಿಲ್ಲ. 'ಗರಂ ಹವಾ'ಕ್ಕೂ ನಾಗಾಭರಣರ 'ಸಂತ ಶಿಶುನಾಳ ಶರೀಫ'ಕ್ಕೂ ಸಂದ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೇ 2023ರಲ್ಲಿ 'ದಿ ಕಾಶ್ಮೀರ್ ಫೈಲ್ಸ್'ಗೂ ಘೋಷಣೆಯಾಯಿತು.

ಹಾಗಾದರೆ ಏನು ಹಾಕೋಣ? ಮನೆಯವರು ಕೇಳಿದಾಗ ನಾವು ಮೊದಲು ಹೇಳುವುದು 'ಗರಂ ಹವಾ'. ಮೈಸೂರಿನ ಎಂ.ಎಸ್. ಸತ್ಯು ಅವರ ಚಿತ್ರ. ಇಸ್ಮತ್ ಚುಗ್ತಾಯಿ ಅವರ ಕಥೆ, ಕೈಫಿ ಆಜ್ಮಿ ಮತ್ತು ಶಮಾ ಜೈದಿ ಅವರ ಚಿತ್ರಕಥೆ. ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡು ಬಿಡುಗಡೆಯಾದಾಗ ಮೊದಲು ತೆರೆಕಂಡದ್ದು ಬೆಂಗಳೂರಿನಲ್ಲಿ. ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್‌ನಲ್ಲಿ, ತೀರಿಕೊಂಡ ಬಲರಾಜ್ ಸಾಹ್ನಿ ಇದನ್ನು ನೋಡಲಿಲ್ಲ. ಅವರ ಸಲೀಂ ಮಿರ್ಜಾ ನವಾಬನಲ್ಲ, ಆಗ್ರಾದಲ್ಲಿ ಜೋಡು ತಯಾರಿಸುವ ಸಣ್ಣ ಕಾರ್ಖಾನೆಯವನು. ವಿಭಜನೆಯ ನಂತರ ಅವನಿಗೆ ಸಾಲ ಹುಟ್ಟುವುದಿಲ್ಲ. ಇವತ್ತಿದ್ದು ನಾಳೆ ಪಾಕಿಸ್ತಾನಕ್ಕೆ ಓಡಿಹೋದರೆ ಎಂಬ ಅನುಮಾನ. ಬಾಡಿಗೆ ಮನೆಗಾಗಿ ಬಾಗಿಲಿನಿಂದ ಬಾಗಿಲಿಗೆ ಅಲೆಯುತ್ತಾನೆ. ಗೂಡು ಕೊಳ್ಳಲು ಬಂಡವಾಳ ಹೊಂದಿಸಲಾಗದೆ ಒದ್ದಾಡಿದ ರೀಲರಿಗೂ, ಬೆಂಗಳೂರಿನಲ್ಲಿ ಹೆಸರು ಹೇಳಿದ ಕೂಡಲೇ 'ಮನೆ ಆಗಲೇ ಕೊಟ್ಟಾಯಿತು' ಎನಿಸಿಕೊಂಡ ನಮ್ಮ ಹುಡುಗರಿಗೂ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಹವೇಲಿ ಬಿಟ್ಟು ಹೊರಡಲು ಒಪ್ಪದೆ ಸೌದೆ ಕೋಣೆಯಲ್ಲಿ ಅಡಗಿ ಕೂರುವ ಮುದುಕಿಯನ್ನು ನೋಡಿ ನಮ್ಮ ನಾನಿ ಮೊದಲು ನಕ್ಕರು. ಪ್ರಾಣ ಬಿಡಲು ಅವಳನ್ನು ಅದೇ ಮನೆಗೆ ಹೊತ್ತು ತರುವಾಗ ತಸ್ಬೀಹ್ ಹಿಡಿದ ಕೈ ನಿಂತುಬಿಟ್ಟಿತ್ತು.

ಮಕ್ಕಳಿದ್ದರೆ ಮಜೀದ್ ಮಜೀದಿ ಅವರ 'ಚಿಲ್ಡ್ರನ್ ಆಫ್ ಹೆವನ್' (1997). ಚನ್ನಪಟ್ಟಣದ ಖಾಲಾ ಮನೆಯಲ್ಲಿ ಇದನ್ನು ಹಾಕಿದಾಗ, ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಹುಡುಗಿಯೊಬ್ಬಳು ಓದಿ ದಖ್ನಿಯಲ್ಲಿ ಹೇಳುತ್ತಿದ್ದಳು. ನಡುವೆ 'ಮದ್ರಸೆ'ಯಂಥ ಗುರುತಿನ ಮಾತು ಕಿವಿಗೆ ಬಿದ್ದರೆ ಖಾಲಾ ತಲೆಯಾಡಿಸುತ್ತಿದ್ದರು. ತಂಗಿಯ ಜೋಡು ಕಳೆದುಹಾಕಿದ ಅಣ್ಣ, ಒಂದೇ ಜೋಡನ್ನು ಇಬ್ಬರೂ ಹಂಚಿಕೊಂಡು ಶಾಲೆಗೆ ಓಡುವ ಕಥೆ. ಅದರ ಒಂದು ದೃಶ್ಯ ಖಾಲಾರ ಬಾಯಲ್ಲಿ ಇಂದಿಗೂ ಇದೆ. ಅಪ್ಪ ಮಸೀದಿಯ ಸಕ್ಕರೆ ಗಡ್ಡೆಗಳನ್ನು ಒಡೆಯುತ್ತ ಕೂತಿದ್ದಾನೆ, ಮಗಳು ಚಹಾ ತರುತ್ತಾಳೆ, ಅವನು ಸಕ್ಕರೆ ಕೇಳುತ್ತಾನೆ. ಎದುರಿಗೇ ಇದೆಯಲ್ಲ ಎಂದರೆ, ಅದು ಮಸೀದಿಯದು ಎನ್ನುತ್ತಾನೆ. ದೀನಿನ ಪಾಠ ಎಂದು ಬೋರ್ಡು ಹಾಕಿಕೊಂಡು ಬರುವ ಎಷ್ಟೋ ಸಿ.ಡಿ.ಗಳಲ್ಲಿ ಇಷ್ಟು ದೀನ್ ನಾವು ಕಾಣಲಿಲ್ಲ.

ಕನ್ನಡದ್ದೇ ಬೇಕೆಂದರೆ ಶಶಾಂಕ್ ಸೋಗಾಲ್ ಅವರ 'ಡೇರ್‌ಡೆವಿಲ್ ಮುಸ್ತಫಾ' (2023). ತೇಜಸ್ವಿಯವರ ಕಥೆ, ಹಿಂದೂ ಹುಡುಗರೇ ತುಂಬಿರುವ ಕಾಲೇಜಿಗೆ ಬರುವ ಒಬ್ಬನೇ ಮುಸ್ಲಿಂ ಹುಡುಗ. ಎಲ್ಲರ ಮನಸ್ಸು ಗೆಲ್ಲಲು ಅವನಿಗೆ ಅಷ್ಟೊಂದು ಸಾಹಸಗಳು ಬೇಕಾದವಲ್ಲ ಎಂಬ ಕೊರಗು ನಮಗಿದೆ. ಸಾಧಾರಣ ಹುಡುಗನಾಗಿದ್ದರೆ ಒಪ್ಪಿಕೊಳ್ಳುತ್ತಿರಲಿಲ್ಲವೇ? ಆದರೂ ಶಾಲಾ ಕಾಲೇಜಿನ ಬಾಗಿಲಲ್ಲಿ ನಮ್ಮ ಹೆಣ್ಣುಮಕ್ಕಳನ್ನು ತಡೆದು ನಿಲ್ಲಿಸಿದ 2022ರ ಮರುವರ್ಷವೇ ಈ ಚಿತ್ರ ಬಂತು, ಅದನ್ನು ಮಾಡಿದವರು ಕನ್ನಡದ ಹುಡುಗರು ಎಂಬುದನ್ನು ಮರೆಯಲಾಗದು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಮೊಹಲ್ಲಾದಲ್ಲಿ ಎಲ್ಲರೂ ಹೆಮ್ಮೆಪಟ್ಟರು, ಹಿಂದೆ ಸಿಟ್ಟಾಗಿದ್ದವರೂ ಸಿಹಿ ತಿಂದರು. ಆ ವಾರ ಹುಡುಗರು 'ಹಸೀನಾ'ವನ್ನು ಹುಡುಕಿ ಟಿ.ವಿ.ಗೆ ಹಾಕಿಕೊಟ್ಟರು. ಮಾಮೂ ಈಗಿಲ್ಲ. ಆಪಾಳ ದೊಡ್ಡ ಮಗಳಿಗೆ ಮದುವೆಯಾಗಿದೆ, ಚಿಕ್ಕವಳು ನರ್ಸ್. ಈ ಸಲ ಆಪಾ ಎದ್ದು ಹೋಗದೆ ಪೂರ್ತಿ ನೋಡಿದರು. ಮುಗಿದ ಮೇಲೆ ತುಂಬ ಹೊತ್ತು ಯಾರೂ ಮಾತಾಡಲಿಲ್ಲ, ಆಮೇಲೆ ಚಿಕ್ಕವಳು, "ಅಮ್ಮಿ, ನೀನೂ ಹೋಗಿ ಕೇಳಿದ್ದೆಯಾ?" ಎಂದಳು. ಹೋಗಿದ್ದೆ, ಎರಡು ಸಲ ಎಂದರು ಆಪಾ. ನಮಗೆ ಆ ಸಂಗತಿ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮುಂದಿನ ಶುಕ್ರವಾರಕ್ಕೆ ಏನು ಹಾಕೋಣ ಎಂದು ಹುಡುಗರು ಕೇಳಿದಾಗ ಆಪಾ 'ನಿಕಾಹ್' ಎಂದರು. ಅದನ್ನೂ ಹಾಕಿದೆವು.